ಎರಡನೇ ಭಾಗದಲ್ಲಿ ಅವ್ವ ಸತ್ತಳು, ನಾವು ಉಪವಾಸ ಬಿದ್ದೆವು

ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತೂ ಆಗಿರಲಿಲ್ಲ, ಹೀರೋನ ಅವ್ವ ಗೋಡೆಯ ಮೇಲೆ ಫೋಟೋ ಆಗಿದ್ದಳು. ಕೊರಳಿಗೊಂದು ಮಾಲೆ, ಕೆಳಗೊಂದು ಊದಿನಕಡ್ಡಿ... ಮುಗೀತು.

ಚಿಕ್ಕೋಡಿಯ ಟಾಕೀಸಿನಲ್ಲಿ ನನ್ನ ಪಕ್ಕ ಕೂತಿದ್ದ ಆಯಿ, ಅಂದರೆ ನಮ್ಮಪ್ಪನ ಅವ್ವ, ಪರದೆ ಬಿಟ್ಟು ನನ್ನ ಮುಖ ನೋಡಿದಳು. ಈ ಕಡೆಯಿಂದ ಅಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಕೆಲಸ ಕೆಟ್ಟಿತು ಅಂತ ಅವಳಿಗೆ ಆಗಲೇ ಗೊತ್ತಾಗಿತ್ತು.

ತೊಂಬತ್ತರ ದಶಕದ ಶುರುವಿನ ಮಾತು ಇದು. ಸಿನಿಮಾದ ಹೆಸರು ಹೇಳುವುದಿಲ್ಲ. ಅದಕ್ಕೆ ಇನ್ನೂ ಅಭಿಮಾನಿಗಳಿದ್ದಾರಂತೆ, ಪುಣ್ಯಾತ್ಮರು.

ನಮ್ಮದು ರಾಯಬಾಗದ ಹತ್ತಿರದ ಹಳ್ಳಿ, ಕಬ್ಬು ಬೆಳೆಯುವ ಜೈನರ ಮನೆ. ಹೆಣ್ಣುಮಕ್ಕಳು ಟಾಕೀಸಿಗೆ ಹೋಗಬೇಕೆಂದರೆ ಆಯಿಯ ಅಪ್ಪಣೆ ಬೇಕಿತ್ತು. ಆ ಅಪ್ಪಣೆ ಯಾರಿಗೂ ಸಿಕ್ಕ ದಾಖಲೆ ಇರಲಿಲ್ಲ.

ಆ ಬೀಗ ತೆಗೆದದ್ದು ಇದೇ ಸಿನಿಮಾದ ಮೊದಲ ಭಾಗ. ಕಾಕಾ ಹೇಗೋ ಪುಸಲಾಯಿಸಿ ಆಯಿಯನ್ನೂ ಟ್ರ್ಯಾಕ್ಟರ್ ಹತ್ತಿಸಿದ್ದ. ಹೊಡೆದಾಟದ ಹಿಂದಿ ಸಿನಿಮಾ. ಆಯಿಗೆ ಹಿಂದಿ ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ಮರಾಠಿಯ ಮೇಲೆ ಹೊಂದಿಸಿಕೊಳ್ಳುತ್ತಿದ್ದಳು.

ಅದರಲ್ಲೊಂದು ಸೀನು. ಹೊರಗೆ ಗೂಂಡಾಗಳು ಕೂಗಾಡುತ್ತಿದ್ದಾರೆ, ಹೀರೋ ಬಡಿಗೆ ಹಿಡಿದು ಹೊರಟಿದ್ದಾನೆ. ಅವ್ವ ಬಾಗಿಲಿಗೆ ಅಡ್ಡ ನಿಂತು ಮೊದಲು ಊಟ ಮಾಡು ಅನ್ನುತ್ತಾಳೆ. ಅವನು ಕೂತು ಉಣ್ಣುತ್ತಾನೆ, ಗೂಂಡಾಗಳು ಕಾಯುತ್ತಾರೆ!

ಆಯಿ ಅಲ್ಲಿಗೇ ಸೋತಳು. ಆಮೇಲೆ ವರ್ಷಗಟ್ಟಲೆ ಆ ಪಾತ್ರವನ್ನು ಪಕ್ಕದೂರಿನ ಬೀಗಿತ್ತಿಯೇನೋ ಎಂಬಂತೆ ನೆನೆಸುತ್ತಿದ್ದಳು. ಯಾವ ಸೊಸೆ ತಪ್ಪು ಮಾಡಿದರೂ "ಆ ಹೆಣ್ಮಗಳನ್ನ ನೋಡಿ ಕಲೀರಿ" ಅನ್ನುವುದು ರೂಢಿಯಾಯಿತು.

ಅಷ್ಟರಲ್ಲಿ ಅಕ್ಕನ ಮದುವೆ ಅಥಣಿಯ ಮನೆತನಕ್ಕೆ ಗಟ್ಟಿಯಾಯಿತು. ಆ ಮನೆಯವರು ಸಿನಿಮಾ ಅಂದರೆ ಮುಖ ಸಿಂಡರಿಸುವ ಸಂಭಾವಿತರು. ಸುಗ್ಗಿ ಮುಗಿದ ಮೇಲೆ ಲಗ್ನ, ಅಷ್ಟರೊಳಗೆ ಎಷ್ಟು ಸಿನಿಮಾ ನೋಡುತ್ತಾಳೋ ಅಷ್ಟೇ ಅಕ್ಕನ ಪಾಲಿಗೆ.

ಆಗಲೇ ಎರಡನೇ ಭಾಗದ ಪೋಸ್ಟರ್ ಬಿತ್ತು. ಅಕ್ಕನ ಲೆಕ್ಕಾಚಾರ ಸರಳವಾಗಿತ್ತು. ಆಯಿ ಇದನ್ನೊಂದು ನೋಡಿ ಖುಷಿಯಾದರೆ ಸಾಕು, ಮದುವೆಯವರೆಗೆ ಪ್ರತಿ ವಾರ ಟಾಕೀಸು.

ಪಾಪ, ಸಿನಿಮಾ ತೆಗೆದವರನ್ನು ನಂಬಿದ್ದಳು.

ಅವರೋ ಮಹಾ ಬುದ್ಧಿವಂತರು. ಮೊದಲ ಭಾಗದಲ್ಲಿ ಜನ ಏನೇನು ಇಷ್ಟಪಟ್ಟಿದ್ದರೋ ಅದನ್ನೆಲ್ಲ ಹುಡುಕಿ ಹುಡುಕಿ ತೆಗೆದುಹಾಕಿದ್ದರು. ಊರಿಲ್ಲ, ಅಂಗಳವಿಲ್ಲ, ಬಡಿಗೆಯೂ ಇಲ್ಲ. ಹೀರೋನ ಕೈಯಲ್ಲಿ ಮೆಷಿನ್‌ಗನ್, ಹಿಂದೆ ಹೆಲಿಕಾಪ್ಟರ್. ವಯಸ್ಸು ಹೆಚ್ಚಾದಷ್ಟೂ ಅವನ ಕೂದಲು ಕಪ್ಪಾಗಿತ್ತು.

ಮೊದಲ ಭಾಗದಲ್ಲಿ ಗುಡ್ಡದಿಂದ ಬಿದ್ದು ಸತ್ತಿದ್ದ ವಿಲನ್ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಎದ್ದು ಬಂದಿದ್ದ. ಅವನನ್ನು ಬದುಕಿಸಲು ಪುರಸೊತ್ತಿತ್ತು ನೋಡಿ... ಅವ್ವನನ್ನು ಇಟ್ಟುಕೊಳ್ಳಲು ಮಾತ್ರ ಜಾಗ ಇರಲಿಲ್ಲ.

ಇಂಟರ್ವಲ್‌ವರೆಗೆ ಆಯಿ ಹಲ್ಲು ಕಚ್ಚಿ ಕೂತಳು. ಇಂಟರ್ವಲ್ ಮುಗಿದದ್ದೇ ಹೀರೋ ಸಮುದ್ರದ ದಂಡೆಯಲ್ಲಿ ಹುಡುಗಿಯರ ನಡುವೆ ಕುಣಿಯತೊಡಗಿದ.

ಆಯಿ ಎದ್ದು ನಿಂತಳು. "ಅವ್ವ ಸತ್ತಾಳ. ಇಂವ ಕುಣ್ಯಾಕತ್ತಾನ. ಏಳ್ರಿ."

ಹಿಂದಿನ ಸಾಲಿನವನೊಬ್ಬ ಅಜ್ಜಿ ಕೂತ್ಕೊಳ್ರಿ ಅಂತ ರೇಗಿದ. ನಿನ್ನ ಅವ್ವ ಇದ್ದಾಳೋ ಇಲ್ಲವೋ ಅಂತ ಆಯಿ ಅವನನ್ನೇ ಕೇಳಿದಳು. ಅವನು ಪಾಪ, ಇದ್ದಾಳೆ ಅಂದ.

ಮನೆಗೆ ಬಂದರೆ ಇನ್ನೊಂದು. ಸಾವಿನ ಮನೆಯಿಂದ ಬಂದವರು ಸ್ನಾನ ಮಾಡದೆ ಹೊಸ್ತಿಲು ದಾಟಬಾರದು ಅಂತ ಆಯಿ ಅಂಗಳದಲ್ಲೇ ನಿಂತಳು. ನಮ್ಮವ್ವ ಒಳಗಿನಿಂದ ಯಾರು ಸತ್ತರು ಅಂತ ಗಾಬರಿಯಿಂದ ಕೇಳುತ್ತಿದ್ದಾಳೆ, ನಾವು ಏನು ಹೇಳಬೇಕು?

ಇರುವುದು ಒಂದೇ ಬಚ್ಚಲು. ಆಯಿ ಮೀಯಬೇಕು, ನಾನು, ಅಕ್ಕ. ಟಾಕೀಸಿನ ಹೊರಗೆ ಟ್ರ್ಯಾಕ್ಟರಿನ ಮೇಲೇ ನಿದ್ದೆ ಮಾಡಿದ್ದ ಕಾಕಾನೂ ಮೀಯಬೇಕಂತೆ.

ಎಲ್ಲರದೂ ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿತ್ತು. ನಮ್ಮ ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ತುತ್ತು ಎತ್ತುವಂತಿಲ್ಲ. ಅವ್ವ ಮುಚ್ಚಿಟ್ಟ ಪಲ್ಯ, ರೊಟ್ಟಿ ಹಾಗೇ ಉಳಿಯಿತು. ಸಿನಿಮಾ ನೋಡಿ ನಿರಾಶರಾದವರು ಬಹಳ ಜನ ಇರಬಹುದು, ಉಪವಾಸ ಬಿದ್ದವರು ನಾವಷ್ಟೇ ಇರಬೇಕು.

ಅಕ್ಕ ಮಾತ್ರ ಹಸಿವೆಗೆ ಅಳಲಿಲ್ಲ. ಆಯಿಯ ಕಾಲ ಬುಡದಲ್ಲಿ ಕೂತು ಅದು ಬರೀ ಸಿನಿಮಾ ಅಂತ ಬಗೆಬಗೆಯಾಗಿ ತಿಳಿಸಿ ಹೇಳಿದಳು.

"ಚಿತ್ರಾ ಅಂತ ನನಗೂ ಗೊತ್ತೈತಿ" ಅಂದಳು ಆಯಿ. "ಆದ್ರ ಅಷ್ಟ ಜೀವಾ ತೇದಾಕೀನ ಫೋಟೋ ಮಾಡಿ ಗ್ವಾಡಿಗೆ ಹಾಕಿ, ಕುಣ್ಯಾಕ ಹೋಗ್ಯಾರ. ಇದನ್ನ ನೋಡಿ ನೀವ ಏನ ಕಲೀತೀರಿ?"

ಟಾಕೀಸಿನ ಅಪ್ಪಣೆ ಅಲ್ಲಿಗೆ ರದ್ದು. ಸುಗ್ಗಿ ಮುಗಿಯಿತು, ಅಕ್ಕ ಅಥಣಿಗೆ ಹೋದಳು. ಅತ್ತೆ, ಮಾವ, ಎಮ್ಮೆ, ಮಕ್ಕಳು... ಮತ್ತೆ ಟಾಕೀಸಿನ ಬಾಗಿಲು ನೋಡಲಿಲ್ಲ. ಅರ್ಧ ನೋಡಿದ ಆ ದರಿದ್ರ ಸಿನಿಮಾನೇ ಅವಳ ಕೊನೆಯ ಸಿನಿಮಾ ಆಯಿತು. ನನಗೆ ಇವತ್ತಿಗೂ ಸಿಟ್ಟಿರುವುದು ಅದಕ್ಕೇ.

ಈಗ ಅದೇ ಹೆಸರಿನಲ್ಲಿ ಹೊಸದಾಗಿ ತೆಗೆಯುತ್ತಿದ್ದಾರೆ. ಹೊಸ ಹುಡುಗ, ಹಳೆ ಡೈಲಾಗು, ಅರ್ಧ ಡಜನ್ ಹೆಲಿಕಾಪ್ಟರ್. ನಗಲಿಕ್ಕೆಂದು ಟೀಸರನ್ನು ಅಕ್ಕನಿಗೆ ಕಳಿಸಿ ಮನಸಾರೆ ಬೈದೆ.

ಅವಳ ವಾಯ್ಸ್ ಮೆಸೇಜ್ ಬಂತು. "ಕೆಟ್ಟದಿದ್ರ ಇರಲಿ ಬಿಡ. ನಮ್ಮನ್ಯಾಗ ಈಗ ಬ್ಯಾಡ ಅನ್ನವ್ರ ಯಾರೂ ಇಲ್ಲ. ಈ ಸಲ ಮುಗಿಯೂತನಾ ಕುಂಡ್ರೂಣ."

ಎರಡು ಟಿಕೆಟ್ ತೆಗೆಸುತ್ತೇನೆ. ಹಾಳು ಸಿನಿಮಾ ಒಂದನ್ನು ಪೂರ್ತಿ ನೋಡಲು ಇಷ್ಟು ವರ್ಷ ಕಾದವರು ನಿಮ್ಮ ಮನೆಯಲ್ಲೂ ಇದ್ದಾರಾ?