ಚಪ್ಪಲಿ ನೋಡಿ ಬಸ್ಸು ಬಿಡುತ್ತಿದ್ದವನು

ಮದುವೆ ಜನರನ್ನು ಧಾರೆಯಿಂದ ಆರತಕ್ಷತೆಗೆ ಕರೆದೊಯ್ಯುತ್ತಿದ್ದ ನಮ್ಮೂರ ಡ್ರೈವರ್ ತಲೆ ಎಣಿಸುತ್ತಿರಲಿಲ್ಲ. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಉಳಿದಿದೆಯೇ ಎಂದು ನೋಡುತ್ತಿದ್ದ. "ಎಲ್ರೂ ಬಸ್ ಅತ್ತಿದ್ರೆ ಇದ್ಯಾಕ್ ಕುಂತದೆ?" ಎನ್ನುವುದು ಅವನ ಮಾತು.

ನನ್ನ ಮೊಮ್ಮಗಳ ಧಾರೆ ಮಾದಪ್ಪನ ಬೆಟ್ಟದಲ್ಲಾಯಿತು, ಆರತಕ್ಷತೆ ಕೊಳ್ಳೇಗಾಲದಲ್ಲಿತ್ತು. ಗಂಡ ಸತ್ತವಳು ಆರತಕ್ಷತೆಯ ವೇದಿಕೆ ಹತ್ತಿದರೆ ಬೀಗರು ಮುಖ ಸಿಂಡರಿಸುತ್ತಾರೆಂದು ನಾನು ದೇವಸ್ಥಾನದ ಕಂಬದ ಹಿಂದೆಯೇ ಕುಳಿತುಬಿಟ್ಟೆ. ಡ್ರೈವರ್ ನನ್ನ ಚಪ್ಪಲಿ ಹಿಡಿದುಕೊಂಡು ಹುಡುಕಿ ಬಂದ.

"ನಾ ಬರಕಿಲ್ಲ, ಓಗ್ಲಾ."

"ಅಂಗಾದ್ರೆ ಬಸ್ಸೂ ಓಗಕಿಲ್ಲ ಕಣವ್ವ. ಬೀಗರು ಅಸ್ಕಂಡವ್ರೆ, ನೀನೇ ಬಂದು ಅವ್ರಿಗೆ ಈ ಮಾತ ಏಳ್ಬುಡು."

ಅಷ್ಟರಲ್ಲಿ ಗಂಡಿನ ತಾಯಿಯೇ ಬಸ್ಸಿನ ಕಿಟಕಿಯಿಂದ ಕೂಗಿದಳು: "ಬಾರವ್ವ ಬಿರ್ನೆ, ಒಟ್ಟೆ ಚುರುಗುಟ್ತದೆ!"

ಹತ್ತಿದೆ. ಕೊಳ್ಳೇಗಾಲದಲ್ಲಿ ವೇದಿಕೆಯನ್ನೂ ಹತ್ತಿ ಮೊಮ್ಮಗಳಿಗೆ ಅಕ್ಷತೆ ಹಾಕಿದೆ. ಬೀಗಿತ್ತಿ ಊಟಕ್ಕೆ ಕುಳಿತಿದ್ದಳು, ತಲೆಯನ್ನೇ ಎತ್ತಲಿಲ್ಲ.