ನಾಜ್ಮಿಯೆಯ ಕೊನೆಯ ಸ್ನಾನ

ಬಲ್ಗೇರಿಯಾದಲ್ಲಿ, ಡ್ಯಾನ್ಯೂಬ್ ದಂಡೆಯ ಊರಿನ ಬಟ್ಟೆ ಗಿರಣಿಯಲ್ಲಿ ವೆಲಿಕಾಗೆ ಸ್ನೇಹಿತರು ಕಡಿಮೆ. ಗಂಡ ಕುಡಿದು ಕುಡಿದು ಸತ್ತಿದ್ದ, ಮಕ್ಕಳಾಗಿರಲಿಲ್ಲ. ಬಾಯಿ ಬಿಟ್ಟರೆ ಖಾರ, ಬಿಡದಿದ್ದರೆ ಬಿಗಿದ ಮುಖ. ಅಂಥವಳು ಯಾರ ಬಗ್ಗೆಯಾದರೂ ಮರುಗಿಯಾಳು ಎಂದು ಯಾರೂ ಎಣಿಸಿರಲಿಲ್ಲ. ಅವಳೂ ಎಣಿಸಿರಲಿಲ್ಲ.

ಅದು ಸಾವಿರದ ಒಂಬೈನೂರ ಎಂಬತ್ತೊಂಬತ್ತರ ಬೇಸಿಗೆ. ನಾಲ್ಕು ವರ್ಷದ ಹಿಂದೆ ಸರ್ಕಾರ ದೇಶದಲ್ಲಿದ್ದ ತುರ್ಕಿ ಮುಸ್ಲಿಮರ ಹೆಸರುಗಳನ್ನೆಲ್ಲ ಕಿತ್ತುಕೊಂಡು ಬಲ್ಗೇರಿಯನ್ ಹೆಸರು ಹಚ್ಚಿತ್ತು, ಅವರ ಮಾತನ್ನೂ ನಿಷೇಧಿಸಿತ್ತು. ಈಗ ಗಡಿ ತೆರೆದಿದೆ ಎಂದು ಗೊತ್ತಾದದ್ದೇ ತಡ, ಜನ ಕಾರಿನ ನೆತ್ತಿಯ ಮೇಲೆ ಹಾಸಿಗೆ, ಹೊಲಿಗೆ ಯಂತ್ರ ಕಟ್ಟಿಕೊಂಡು ತುರ್ಕಿಯ ದಾರಿ ಹಿಡಿದರು. ಅವರ ಹಳ್ಳಿಗಳ ಹೊಲದಲ್ಲಿ ತಂಬಾಕು ಹಾಗೇ ನಿಂತಿತು. ಅದನ್ನು ಕೀಳಲು ಗಿರಣಿಯ ಹೆಂಗಸರನ್ನು ಲಾರಿಯಲ್ಲಿ ತುಂಬಿ ಕಳಿಸಿದರು. ವೆಲಿಕಾಗೆ ಒಂದು ಖಾಲಿ ಮನೆ ಸಿಕ್ಕಿತು. ಒಲೆಯ ಮೇಲೆ ಇನ್ನೂ ಯಾರದೋ ಪಾತ್ರೆಯಿತ್ತು.

ಮೊದಲ ದಿನವೇ ತಂಬಾಕಿನ ಹಸಿ ರಸ ಅವಳ ತಲೆಗೇರಿತು. ಹೊಲದಿಂದ ಬರುವಾಗ ಬೇಲಿ ಹಿಡಿದು ವಾಂತಿ ಮಾಡಿಕೊಂಡಳು. ಅಂಗೈಗೆ ಕಪ್ಪು ಅಂಟು ಮೆತ್ತಿ ಬೆರಳು ಬಿಚ್ಚಲು ಬಾರದಂತಾಗಿತ್ತು. ಪಕ್ಕದ ಮನೆಯ ಕಿಟಕಿಯಿಂದ ಒಂದು ದನಿ ಬಂತು.

"ಏ ತಾಯಿ, ಸಾಬೂನು ಹಚ್ಚಬ್ಯಾಡ, ಹೋಗಂಗಿಲ್ಲ ಅದು. ಹಿತ್ತಲದಾಗ ಹಸೀ ಟೊಮ್ಯಾಟೊ ಅದಾವ, ಹಿಂಡಿ ತಿಕ್ಕು. ಆಮ್ಯಾಲೆ ಒಳಗ ಬಾ, ಮಜ್ಜಿಗಿ ಕುಡಿ."

ಒಳಗೆ ಮಂಚದ ಮೇಲೆ ಒಬ್ಬ ಮುದುಕಿ. ವಸಂತದಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಮಗ ಫಿಕ್ರೆತ್ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊರಟಾಗ ಅವಳನ್ನು ಕಾರಿನಲ್ಲಿ ಕೂರಿಸಲು ನೋಡಿದ್ದ. ನೋವಿಗೆ ಅವಳು ಕಿರುಚಿದ್ದಕ್ಕೆ ಮತ್ತೆ ತಂದು ಮಲಗಿಸಿ, ಮನೆ ಹುಡುಕಿ ಬಂದು ಕರೆದೊಯ್ಯುತ್ತೇನೆ ಎಂದು ಹೇಳಿ ಹೋಗಿದ್ದ. ಉಳಿದಿದ್ದ ಒಬ್ಬ ನೆರೆಯವಳು ಆಡಿನ ಹಾಲು, ರೊಟ್ಟಿ ಇಟ್ಟು ಹೋಗುತ್ತಿದ್ದಳು. ವಾರ ಕಳೆಯುವುದರೊಳಗೆ ಅವಳೂ ಹೊರಟುಹೋದಳು.

ಹೀಗೆ ಮುದುಕಿ ವೆಲಿಕಾಳ ಪಾಲಿಗೆ ಬಂದಳು. ಇವಳು ಗೊಣಗುತ್ತಲೇ ನೀರು ಕಾಯಿಸಿದಳು, ಗೊಣಗುತ್ತಲೇ ಹಾಸಿಗೆ ಬದಲಿಸಿದಳು.

"ನಿನ್ನ ಹೆಸರೇನಜ್ಜಿ?"

"ಕಾಗದದಾಗ ನಾದೆಜ್ದಾ." ಮುದುಕಿ ಬಾಗಿಲ ಕಡೆ ನೋಡಿದಳು. "ಬಾಗಿಲಾ ಮುಚ್ಚು, ಹೇಳತೀನಿ. ನಾಜ್ಮಿಯೆ. ಹಂಗ ಕರಿಯೋರು ಊರಾಗ ಒಬ್ಬರೂ ಉಳಿದಿಲ್ಲ ನೋಡು. ಒಮ್ಮೆ ಕರಿ."

"ನಾಜ್ಮಿಯೆ," ಎಂದಳು ವೆಲಿಕಾ, ತುಸು ನಾಚಿ.

"ಥೂ, ಕತ್ತೆ ಕರದಂಗ ಕರೀತಿ. ಇನ್ನೊಮ್ಮೆ."

ಹೆಂಗಸರು ಬಿಟ್ಟಾರೆಯೇ? ಹೊಲದ ಸಾಲಿನಲ್ಲೇ ಶುರುಮಾಡಿದರು. "ಏನೇ ವೆಲಿಕಾ, ತುರ್ಕಿಗೆ ಟಿಕೆಟ್ ತಗೊಂಡ್ಯಾ? ಅಗಲ ಷರಾಯಿ ಹೊಲಿಸ್ಕೋ, ನಿನ್ನ ಸೊಂಟಕ್ಕೆ ಒಪ್ಪುತ್ತೆ!" ಊರಿನ ಅಧ್ಯಕ್ಷ ಸ್ತಾಮೆನ್ ನಗಲಿಲ್ಲ. "ನಿನ್ನನ್ನ ಕರೆಸಿದ್ದು ತಂಬಾಕಿಗೆ. ಆ ಮನೇಲಿ ತುರ್ಕಿ ಮಾತು ಕೇಳಿಸ್ತಂತೆ."

"ನಂಗೆ ಬರೋದು ಬೈಗುಳ ಮಾತ್ರ," ಎಂದಳು ವೆಲಿಕಾ. "ಅದೂ ಬಲ್ಗೇರಿಯನ್‌ನಲ್ಲೇ. ಕೇಳ್ತೀಯಾ?"

ಆಗಸ್ಟ್ ಮುಗಿಯುವ ಹೊತ್ತಿಗೆ ತುರ್ಕಿಯವರೇ ಗಡಿ ಮುಚ್ಚಿದರು. ಸುದ್ದಿ ಕೇಳಿದ ದಿನದಿಂದ ನಾಜ್ಮಿಯೆ ಊಟ ಬಿಟ್ಟಳು. ರಸ್ತೆಯಲ್ಲಿ ಯಾವ ಗಾಡಿಯ ಸದ್ದಾದರೂ "ಫಿಕ್ರೆತ್ ಬಂದನೇನು?" ಎನ್ನುವಳು. ಒಂದು ಮಧ್ಯಾಹ್ನ ಪೆಟ್ಟಿಗೆಯಿಂದ ಬಿಳಿ ಬಟ್ಟೆ ತೆಗೆಸಿ ವೆಲಿಕಾಳ ತೊಡೆಯ ಮೇಲಿಟ್ಟಳು.

"ಸತ್ತಮ್ಯಾಲೆ ತೊಳಿಯೋರಿಲ್ಲ ನನಗ. ಬಲಗಡಿಯಿಂದ ಶುರುಮಾಡು. ಮ್ಯಾಲೆ ಬಟ್ಟಿ ಹೊಚ್ಚೇ ಇರಲಿ, ನಾ ಯಾರ ಮುಂದೂ ಬತ್ತಲೆ ನಿಂತಾಕಿ ಅಲ್ಲ. ಮಾರಿ ಬಾವಿ ಕಡೆ ತಿರುಗಿಸು, ಕಿಬ್ಲಾ, ಮಕ್ಕಾದ ದಿಕ್ಕು, ಅಲ್ಲೇ ಅದ."

"ನಾನು ಶಿಲುಬೆ ಹಾಕ್ಕೊಳ್ಳೋಳು ಅಜ್ಜಿ. ಪಾಪ ಬರಲ್ವೇ?"

"ಯಾರಿಗೆ ಬರತದೋ ಆಮ್ಯಾಲೆ ನೋಡೋಣು. ಹೊಲಸಾಗಿ ಹೋಗಬಾರದು ನಾನು."

ದ್ರಾಕ್ಷಿ ಕಪ್ಪಾಗುವ ಹೊತ್ತಿಗೆ ಅವಳು ತೀರಿಕೊಂಡಳು. ಹೆಣ ತೊಳೆಯುವ ಪದ್ಧತಿಯನ್ನು ಸರ್ಕಾರ ನಿಷೇಧಿಸಿತ್ತು. ವೆಲಿಕಾ ಬಾಗಿಲಿಗೆ ಅಗುಳಿ ಹಾಕಿ, ಉಗುರುಬೆಚ್ಚನೆಯ ನೀರಿನಲ್ಲಿ, ಹೊದಿಕೆಯ ಕೆಳಗೆ ಕೈಯಾಡಿಸಿ ಆ ಒಣಗಿದ ಮೈಯನ್ನು ತೊಳೆದಳು. ಪ್ರಾರ್ಥನೆ ಬಾರದು. ಅದಕ್ಕೆ ನೀರು ಹಾಕುವಾಗಲೆಲ್ಲ "ನಾಜ್ಮಿಯೆ, ನಾಜ್ಮಿಯೆ" ಎಂದಳು. ಹೊರಗಿನಿಂದ ಸ್ತಾಮೆನ್ ಬಾಗಿಲು ಗುದ್ದುತ್ತಿದ್ದ. ಮುಗಿಯುವ ತನಕ ಅವಳು ತೆಗೆಯಲಿಲ್ಲ.

ಶವಪೆಟ್ಟಿಗೆಯಲ್ಲಿ ನಾಜ್ಮಿಯೆಯ ಮುಖವನ್ನು ವೆಲಿಕಾ ಬಲಕ್ಕೆ ವಾಲಿಸಿದ್ದಳು. ಸ್ಮಶಾನದಲ್ಲಿ ಸ್ತಾಮೆನ್‌ನ ಆಳುಗಳು ಪೆಟ್ಟಿಗೆಯನ್ನು ಹೇಗೆ ಸಿಕ್ಕಿತೋ ಹಾಗೆ ಇಳಿಸಿದರು. ಬಾವಿ ಆ ಕಡೆ ಎಂದು ಅವಳು ಕೂಗಿದಳು. "ಸತ್ತವಳಿಗೆ ಬಾಯಾರಿಕೆಯೇನಮ್ಮ?" ಎಂದು ಒಬ್ಬ ನಕ್ಕು ಮಣ್ಣೆಳೆದ. ಹಲಗೆಯ ಮೇಲೆ ನಾದೆಜ್ದಾ ಎಂದು ಬರೆದಿತ್ತು.

ಹೆಣ ತೊಳೆದ ಸುದ್ದಿ ಅವಳಿಗಿಂತ ಮೊದಲೇ ಗಿರಣಿ ತಲುಪಿತ್ತು; ಮರಳಿದಾಗ ಅವಳ ಮಗ್ಗದ ಮುಂದೆ ಬೇರೆಯವಳಿದ್ದಳು. ವೆಲಿಕಾಳನ್ನು ಬಟ್ಟೆ ಬಿಳುಪು ಮಾಡುವ ಕಡೆ ಹಾಕಿದರು. ಅಲ್ಲಿನ ಕ್ಲೋರಿನ್ ಹೊಗೆಗೆ ಎದೆ ಕೆಟ್ಟು ಕೆಮ್ಮು ಶುರುವಾಯಿತು. ಹೊಸ ವರ್ಷದ ಹೊತ್ತಿಗೆ ಸರ್ಕಾರ ಬಿದ್ದಿತ್ತು, ತುರ್ಕರಿಗೆ ಅವರ ಹೆಸರು ವಾಪಸು ಸಿಕ್ಕಿತು. ವೆಲಿಕಾಗೆ ಮಾತ್ರ ಮಗ್ಗ ವಾಪಸು ಸಿಗಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಫಿಕ್ರೆತ್ ಬಂದ. ಊರಿಗೆ ಮರಳಿದವರನ್ನು ಕೇಳಿ ವಿಳಾಸ ಹಿಡಿದುಕೊಂಡು ಬಂದಿದ್ದ. ಕೈಯಲ್ಲಿ ಉಡುಗೊರೆಗೆಂದು ತಂದ ಒಂದು ರೇಷ್ಮೆ ತಲೆವಸ್ತ್ರ. ಕುರ್ಚಿಯ ತುದಿಯಲ್ಲಿ ಕೂತ, ಕಾಫಿ ಮುಟ್ಟಲಿಲ್ಲ.

"ಅಮ್ಮನ್ನ ತೊಳೆದದ್ದು ನೀವೇನಾ?"

"ನಾನೇ. ಇನ್ಯಾರಿದ್ರು ಅಲ್ಲಿ?"

ಅವನು ವಸ್ತ್ರದ ಅಂಚನ್ನು ಬೆರಳಿಗೆ ಸುತ್ತಿದ. "ಗೋರಿಗೆ ಕಲ್ಲು ಹಾಕಿಸ್ತಾ ಇದೀನಿ. ಮಸೀದಿಯ ಹೊಜಾ ಕೇಳಿದ್ರು, ತೊಳೆದವರು ಯಾರು ಅಂತ. ಪಕ್ಕದ ಮನೆಯವಳು, ನಮ್ಮವಳೇ ಅಂದುಬಿಟ್ಟೆ. ಕ್ರಿಸ್ತಾನ್ ಕೈ ಅಂದ್ರೆ ಊರೋರು ಏನಂತಾರೆ, ನನ್ನ ಹೆಂಡತಿ ಕಡೆಯೋರು ಏನಂತಾರೆ... ನಿಮ್ಮನ್ನ ಯಾರಾದ್ರೂ ಕೇಳಿದ್ರೆ ನೀವೂ ಹಾಗೇ ಹೇಳಿಬಿಡಿ. ಉಪಕಾರ ಆಗುತ್ತೆ."

ವೆಲಿಕಾ ಕೆಮ್ಮಿದಳು. ಕೆಮ್ಮು ನಿಲ್ಲುವವರೆಗೆ ಅವನು ನೆಲ ನೋಡುತ್ತ ಕಾದ.

"ಆಯ್ತು," ಎಂದಳು. "ನಾನು ಆ ಊರಿಗೇ ಹೋಗಿರಲಿಲ್ಲ ಅಂತೀನಿ. ಸಾಕಾ?"

"ನೀವು ಬೇಜಾರು ಮಾಡ್ಕೋಬೇಡಿ, ಅಕ್ಕ." ಎದ್ದು ನಿಂತವನು ಬಾಗಿಲ ಬಳಿ ತಡೆದ. ಇದನ್ನು ಕೇಳಲೆಂದೇ ಅಷ್ಟು ದೂರ ಬಂದಿದ್ದನೇನೋ. "ಅಮ್ಮ... ಕೊನೇಲಿ ನನ್ನ ಕೇಳಿದ್ಲಾ?"

ಗಾಡಿಯ ಸದ್ದಾದಾಗಲೆಲ್ಲ ಮಂಚದಿಂದ ಮೇಲೇಳುತ್ತಿದ್ದ ನಾಜ್ಮಿಯೆಯ ಕತ್ತು ವೆಲಿಕಾಳ ಕಣ್ಣ ಮುಂದೆ ಬಂತು. ಹೇಳಲು ಬಾಯಿಯೂ ತೆರೆಯಿತು.

"ಇಲ್ಲ," ಎಂದಳು. "ನಿನ್ನ ಹೆಸರೇ ಎತ್ತಲಿಲ್ಲ."

ಅವನ ಮುಖ ಸುಟ್ಟ ಕಾಗದದಂತೆ ಮುದುಡಿತು. ವಸ್ತ್ರವನ್ನು ಮೇಜಿನ ಮೇಲಿಟ್ಟು ಮೆಟ್ಟಿಲಿಳಿದ. ವೆಲಿಕಾ ಕಿಟಕಿಯಲ್ಲಿ ನಿಂತು ಅವನು ಬಸ್ಸಿಗೆ ಕಾಯುವುದನ್ನು ನೋಡಿದಳು. ಬಸ್ಸು ತಡವಾಗಿ ಬಂತು. ಇಳಿದು ಹೋಗಿ ನಿಜ ಹೇಳುವಷ್ಟು ಸಮಯ ಧಾರಾಳವಾಗಿತ್ತು. ಅವಳು ಹೋಗಲಿಲ್ಲ.