ಮುಟ್ಟಗೊಡದ ಸೂಜಿ

ತೀರಿಹೋದ ಗಂಡನ ರೆಕಾರ್ಡ್ ಪ್ಲೇಯರಿನ ಮೂವಿಂಗ್ ಕಾಯಿಲ್ ಕಾರ್ಟ್ರಿಜ್, ಅಂದರೆ ಸೂಜಿಯ ಅಲುಗನ್ನು ಪುಟ್ಟ ಸುರುಳಿಗಳಿಂದ ದನಿಯಾಗಿಸುವ ಭಾಗ, ಇನ್ನೂ ನುಡಿಯುತ್ತದೆಯೇ ನೋಡಿ ಎಂದು ಶಾಂತಿಗ್ರಾಮದ ಅಜ್ಜಿಯೊಬ್ಬರು ರಿಪೇರಿ ಕೆಲಸದ ನನ್ನನ್ನು ಕರೆಸಿದ್ದರು. ಅದರ ಸುರುಳಿಯ ತಂತಿ ಕೂದಲಿಗಿಂತ ಸಣ್ಣದು. ಕಡಿದರೆ ಅಂಥದ್ದು ಇನ್ನೊಂದು ಸಿಗುವುದಿಲ್ಲ. ಭೂತಗನ್ನಡಿ ಹಿಡಿದು ನೋಡಿದೆ. ಸೂಜಿ ಸರಿಯಿತ್ತು, ಅದನ್ನು ಹಿಡಿದಿದ್ದ ರಬ್ಬರ್ ಮಾತ್ರ ಗಟ್ಟಿಯಾಗಿತ್ತು. ರೆಕಾರ್ಡಿನ ಮೇಲೆ ಇಳಿಸಲು ಹೋದೆ. ತಂತಿ ಕಡಿದೀತೆಂದು ಮೂರು ಸಲ ಹಿಂದಕ್ಕೆ ತೆಗೆದೆ.

“ಬುಡಿ ಸಾ, ನಾನೇ ಇಡ್ತೀನಿ,” ಅಂದರು ಅಜ್ಜಿ.

“ಬೇಡಮ್ಮ, ಮುರಿದುಹೋದೀತು!”

“ಮುರುದ್ರೆ ಮುರೀಲಿ. ಅವ್ರು ಇರೋಗಂಟ ನಂಗೆ ಇದ್ನ ಮುಟ್ಟಕ್ಕೇ ಬುಡ್ನಿಲ್ಲ.”

ಅಜ್ಜಿ ಸೂಜಿಯನ್ನು ರೆಕಾರ್ಡಿನ ಮೇಲೆ ಇಳಿಸುವಾಗ ನಾನು ಕಣ್ಣು ಮುಚ್ಚಿಕೊಂಡೆ. ಮೊದಲು ಕರಕರ ಸದ್ದು ಬಂತು, ಆಮೇಲೆ ನಾದಸ್ವರ. ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

ಎಡಗಡೆಯ ಸ್ಪೀಕರಿನ ದನಿ ಕೊಂಚ ಕ್ಷೀಣವಾಗಿತ್ತು. ಪರೀಕ್ಷೆ ಮಾಡಲು ಹೋದ ನಾನು ಅದೊಂದನ್ನು ಹೇಳದೆ ಬಂದೆ.